ಆಯ್ತು ಬಿಡಿ

ಜನವರಿ ೯

ಗಿಣೀ,

ಕ್ಷೇಮ ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಫೋನಿನಲ್ಲಿ ಬೈಯೋಣ ಅಂದರೆ ನೀನು ಸಿಗ್ನಲ್ ಇಲ್ಲ ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಓದು.

ನೀರಿನ ಟ್ಯಾಂಕಿನ ಪಕ್ಕ ನಿಮ್ಮ ಕಚೇರಿಯವರು ಬೋರ್ಡು ನಿಲ್ಲಿಸಿ ಹೋಗಿದ್ದಾರೆ. ಅದರ ಮೇಲೆ ನಾನಿದ್ದೇನೆ. ಬಾಗಿಲಷ್ಟು ದೊಡ್ಡ ಮುಖ, ಬಾಯಿ ತೆರೆದಿದೆ, ಕೈ ಮೇಲಿದೆ. ನವೆಂಬರಿನ ಸಭೆಯಲ್ಲಿ ನಾನು ಸಿಟ್ಟಿನಿಂದ ಕೂಗಾಡುತ್ತಿದ್ದಾಗ ತೆಗೆದ ಫೋಟೋ ಅದು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: “ನಮ್ಮೆಲ್ಲರ ಒಪ್ಪಿಗೆ ಇದೆ.” ಇದನ್ನು ಓದಿ ಮೇಲೆ ನೋಡಿದವರಿಗೆ ನಾನು ನಗುತ್ತಿರುವ ಹಾಗೆ ಕಾಣುತ್ತದೆ. ನಿನ್ನ ಭಾವ ನಮ್ಮ ಬೇಕರಿಯ ಬನ್ ಅಂಗಡಿಗಳಿಗೆ ಹಾಕಲು ಆ ಕಡೆ ಹೋದವರು ಖಾಲಿ ಟ್ರೇ ಹಿಡಿದು ಅಲ್ಲೇ ನಿಂತುಬಿಟ್ಟರಂತೆ. ಮನೆಗೆ ಬಂದು, “ಏನೇ ಇದು, ನೀನು ಯಾವಾಗ ಒಪ್ಕೊಂಡೆ?” ಅಂದರು. ಇಪ್ಪತ್ತು ವರ್ಷ ಜೊತೆಗೆ ಸಂಸಾರ ಮಾಡಿದ ಮನುಷ್ಯನಿಗೇ ಅನುಮಾನ ಬಂದಿದೆ, ಇನ್ನು ಊರಿನವರ ಮಾತು ಕೇಳಬೇಕೆ?

ಸಭೆಯಲ್ಲಿ ಏನಾಯಿತು ಅಂತ ನಿನಗೆ ನೆನಪಿಲ್ಲದಿದ್ದರೆ ನಾನೇ ನೆನಪಿಸುತ್ತೇನೆ. ನಾವು ಆರಿಸಿ ಬಂದಿದ್ದ ಪುರಸಭೆಯ ಅವಧಿ ಹೋದ ಜೂನಿಗೆ ಮುಗಿಯಿತು. ಆಮೇಲೆ ಚುನಾವಣೆ ಆಗಬೇಕಿತ್ತು. ಚುನಾವಣೆಯ ಬದಲು ಒಬ್ಬ ಆಡಳಿತಾಧಿಕಾರಿ ಬಂದ. ಏನು ಕೇಳಿದರೂ “ಸದ್ಯಕ್ಕೆ ಹೀಗಿರಲಿ” ಅನ್ನುತ್ತಾನೆ, ಅದಕ್ಕೇ ಊರು ಅವನಿಗೆ ಸದ್ಯಕ್ಕೆ ಸಾಹೇಬ ಅಂತ ಹೆಸರಿಟ್ಟಿದೆ. ನವೆಂಬರಿನಲ್ಲಿ ಆ ಸದ್ಯಕ್ಕೆ ಸಾಹೇಬ, ನಿಮ್ಮ ವಿದೇಶಿ ಮೇಡಂ, ಅವರ ಕಿವಿಯ ಹತ್ತಿರ ದುಭಾಷಿಯಾಗಿ ನೀನು, ಮೂವರೂ ಶಾಲೆಯ ಹಾಲಿಗೆ ಬಂದಿರಿ. ಹೊರದೇಶದ ದುಡ್ಡಿನಲ್ಲಿ ಮನೆಮನೆಗೆ ನೀರು ಬರುತ್ತದೆ, ಕೆಲಸ ಮುಗಿಯುವ ಎರಡು ವರ್ಷ ಇದೇ ಅಧಿಕಾರಿ ಇರಲಿ, ಅದಕ್ಕೆ ಜನ ಒಪ್ಪಬೇಕು ಅಂದಿರಿ. ನಾನು ಎದ್ದು “ಚುನಾವಣೆ ಯಾವಾಗ?” ಅಂತ ಕೇಳಿದೆ. ಸದ್ಯಕ್ಕೆ ಸಾಹೇಬ ಪೈಪಿನ ಅಳತೆ ಹೇಳಿದ. ಮತ್ತೆ ಕೇಳಿದೆ. ಟ್ಯಾಂಕಿನ ಎತ್ತರ ಹೇಳಿದ. ಕೂಗಿ ಕೇಳಿದೆ. ಮೇಡಂ ಗಡಿಯಾರ ನೋಡಿಕೊಂಡರು. ಆಗ ನಾನು ಕೈ ಎತ್ತಿ, “ಆಯ್ತು ಬಿಡಿ!” ಅಂದು ಕೂತೆ.

ನೀನು ಬಗ್ಗಿ ಮೇಡಂ ಕಿವಿಯಲ್ಲಿ ಏನೋ ಹೇಳಿದೆ. ಅವರು ನನ್ನ ಕಡೆ ನೋಡಿ ನಕ್ಕು ಬರೆದುಕೊಂಡರು. ಏನು ಹೇಳಿದೆಯೋ ನೀನು? ಈ ಕಾಗದ ಸಿಕ್ಕ ದಿನವೇ ಉತ್ತರ ಬರಿ.

ಬೋರ್ಡಿನ ಮೇಲೆ ನಗುತ್ತಿರುವ,
ಅಕ್ಕ


ಜನವರಿ ೨೦

ಪ್ರೀತಿಯ ಅಕ್ಕಾ,

ಬೈಯುವುದಕ್ಕಾದರೂ ಕಾಗದ ಬರೆದೆಯಲ್ಲ ಅಂತ ಸಂತೋಷವಾಯಿತು. ಇಲ್ಲಿ ಎಲ್ಲ ಮಾಮೂಲು. ನಾಲ್ಕನೇ ಮಹಡಿ, ತಣ್ಣನೆಯ ಕೋಣೆ, ದಿನಕ್ಕೆ ಮೂರು ಸಭೆ, ಮೂರರಲ್ಲೂ ಬೇರೆಯವರ ಮಾತು ನನ್ನ ಬಾಯಲ್ಲಿ.

ಬೋರ್ಡು ಮಾಡಿಸುವುದು ಪ್ರಚಾರದವರ ಕೆಲಸ, ಅದಕ್ಕೂ ನನಗೂ ಸಂಬಂಧವಿಲ್ಲ. ಇನ್ನು ಆ ಮಾತಿನ ವಿಷಯ. ಆಯ್ತು ಅನ್ನುವುದಕ್ಕೆ ಒಪ್ಪಿಗೆ ಅನ್ನುವ ಅರ್ಥವೂ ಇದೆಯಲ್ಲ ಅಕ್ಕಾ. ಯಾರಾದರೂ ಬೇಕರಿಗೆ ಬಂದು ನಾಲ್ಕು ಬನ್ ಕಟ್ಟಿ ಅಂದರೆ ನೀನೇ ಆಯ್ತು ಅನ್ನುತ್ತೀಯ. ಇಬ್ಬರ ಮಾತಿನ ನಡುವೆ ನಿಂತ ದುಭಾಷಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಬಾಯಿಗೆ ಮೊದಲು ಬಂದ ಅರ್ಥ ಹೋಗಿಬಿಡುತ್ತದೆ.

ಮೇಡಂ ಕೆಟ್ಟವರಲ್ಲ. ನಮ್ಮ ಜನರ ಮೇಲೆ ನಿಜವಾದ ಪ್ರೀತಿ ಇದೆ, ಭಾಷೆ ಬರುವುದಿಲ್ಲ ಅಷ್ಟೆ. ಮೊನ್ನೆ ಅವರ ಮನೆಯ ನಲ್ಲಿ ರಿಪೇರಿ ಮಾಡಿದವನು ಹೊರಡುವಾಗ “ಬರ್ತೀನಿ ಮೇಡಂ” ಅಂದನಂತೆ. ಇವರು ಅವನು ವಾಪಸ್ ಬರುತ್ತಾನೆ ಅಂತ ಸಂಜೆಯವರೆಗೂ ಬಾಗಿಲು ತೆರೆದು ಕಾದರು! ಕಚೇರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ನೀನು ಮೊದಲ ಸಲ ಚುನಾವಣೆಗೆ ನಿಂತದ್ದು ಹೇಗೆ ಅನ್ನುವುದನ್ನೂ ಮರೆಯಬೇಡ. ಮಹಿಳೆಯರಿಗೆ ಎರಡು ದಿನದ ತರಬೇತಿ ಕೊಟ್ಟದ್ದು ಇಂಥದೇ ಹೊರದೇಶದ ದುಡ್ಡು. ನೀರು ಬಂದರೆ ಬೇಕರಿಗೂ ಒಳ್ಳೆಯದು, ಭಾವ ಬೆಳಿಗ್ಗೆ ಎದ್ದು ಕೊಡ ಹೊರುವುದು ತಪ್ಪುತ್ತದೆ. ಜೂನಿನಲ್ಲಿ ನನ್ನ ಕೆಲಸದ ಕರಾರು ಮುಗಿಯುತ್ತದೆ, ಮತ್ತೆ ಬರೆಸಿಕೊಳ್ಳಬೇಕು. ಸ್ವಲ್ಪ ಸಮಾಧಾನ ತಂದುಕೋ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಅಮ್ಮ ಹೇಳುತ್ತಿದ್ದರಲ್ಲ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಫೆಬ್ರವರಿ ೨

ಮಾತು ಬಲ್ಲವನೇ,

ಅಮ್ಮನ ಹೆಸರು ತೆಗೆದೆಯಾ? ಸರಿ, ಅಮ್ಮನ ಮಾತೇ ಆಡೋಣ. ನಾವು ಗಲಾಟೆ ಮಾಡಿ ಮಾಡಿ ಅಮ್ಮನಿಗೆ ಸಾಕಾಗಿ, “ಆಯ್ತು ಬಿಡು” ಅಂದಾಗ ನೀನು ಎಲ್ಲಿರುತ್ತಿದ್ದೆ? ಮಂಚದ ಕೆಳಗೆ! ಅಮ್ಮ ಒಪ್ಪಿದರು ಅಂತ ಕುಣಿಯುತ್ತಿರಲಿಲ್ಲ, ಇನ್ನು ಒದೆ ಬೀಳುತ್ತದೆ ಅಂತ ಅಡಗುತ್ತಿದ್ದೆ. ಐದು ವರ್ಷದವನಿಗೆ ಗೊತ್ತಿದ್ದ ಅರ್ಥ ಮೂವತ್ತೈದು ವರ್ಷದ ದುಭಾಷಿಗೆ ಮರೆತುಹೋಯಿತೋ? ಬಾಯಿಗೆ ಬಂದ ಅರ್ಥ ಹೋಗಿಬಿಡುತ್ತದಂತೆ! ನಿನ್ನ ಬಾಯಿಗೆ ಯಾವ ಅರ್ಥ ಬಂದರೆ ಕೆಲಸ ಉಳಿಯುತ್ತದೋ ಅದೇ ಬಂದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಾಗದ ಬರೆಯಬೇಡ, ನನಗೆ ಮೈ ಉರಿಯುತ್ತದೆ.

ಬರ್ತೀನಿ ಅಂದವನಿಗೆ ಮೇಡಂ ಸಂಜೆಯವರೆಗೆ ಕಾದರು ಅಂತ ನಕ್ಕಿರಲ್ಲ, ನಾವು ಜೂನಿನಿಂದ ಚುನಾವಣೆಗೆ ಕಾಯುತ್ತಿದ್ದೇವೆ, ನಮ್ಮನ್ನು ನೋಡಿಯೂ ಒಂದು ಸಲ ನಕ್ಕುಬಿಡಿ.

ತರಬೇತಿಯ ಉಪಕಾರ ನಾನು ಮರೆತಿಲ್ಲ. ಎರಡು ದಿನ ಅವರು ಹೇಳಿಕೊಟ್ಟದ್ದು ಒಂದೇ ಮಾತು: ಎದ್ದು ನಿಂತು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕೂರಬೇಡಿ. ನಾನು ಕಲಿತೆ. ಕಲಿಸಿದವರು ಮರೆತರು. ಈಗ ಅವರ ದುಡ್ಡೇ ಬಂದು, ಪ್ರಶ್ನೆ ಸಾಕು, ಪೈಪು ತಗೋ ಅನ್ನುತ್ತಿದೆ.

ನೀರು ಬೇಡ ಅಂದೆನೇ ನಾನು? ಹಿಟ್ಟು ನಾದುವವಳಿಗೆ ನೀರಿನ ಬೆಲೆ ನೀನು ಹೇಳಿಕೊಡಬೇಡ. ನಾನು ಸದಸ್ಯೆಯಾಗಿದ್ದಾಗ ಬೀದಿ ನಲ್ಲಿ ನಿಂತರೆ ಏನಾಗುತ್ತಿತ್ತು ಗೊತ್ತೆ? ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಹತ್ತು ಜನ ಖಾಲಿ ಕೊಡ ಬಡಿಯುತ್ತಾ ನಿಂತಿರುತ್ತಿದ್ದರು. “ವೋಟು ಕೇಳೋಕೆ ಬಾಯಿತ್ತು, ಈಗೆಲ್ಲಿ ಹೋಯ್ತು?” ಅನ್ನುತ್ತಿದ್ದರು. ಬ್ರೆಡ್ಡಿನ ಜೊತೆಗೆ ಬೈಗುಳವನ್ನೂ ಕಟ್ಟಿಕೊಂಡೇ ನಾನು ವ್ಯಾಪಾರ ಮಾಡಿದ್ದು. ಮರ್ಯಾದೆ ಹೋಗುತ್ತದೆ ಅಂತ ಹೆದರಿ, ನೀರಿನ ಕೆಲಸದವನ ಮನೆ ಬಾಗಿಲಲ್ಲಿ ಕೂತು ನಲ್ಲಿ ಬಿಡಿಸುತ್ತಿದ್ದೆ. ಈಗ ಜನ ಸದ್ಯಕ್ಕೆ ಸಾಹೇಬನ ಹತ್ತಿರ ಹೋಗುತ್ತಾರೆ. ಅವನು ದುಡ್ಡು ಕೊಡುವವರನ್ನು ಕೇಳಿ ಅನ್ನುತ್ತಾನೆ. ದುಡ್ಡು ಕೊಡುವವರು ನಿಮ್ಮ ಸರ್ಕಾರವನ್ನು ಕೇಳಿ ಅನ್ನುತ್ತಾರೆ. ಸರ್ಕಾರ ಟಿ.ವಿ.ಯಲ್ಲಿದೆ. ಬೈಸಿಕೊಳ್ಳುವುದಕ್ಕೆ ಒಬ್ಬನೂ ಇಲ್ಲದ ಊರಾಗಿದೆ ಇದು. ನಮ್ಮ ಮೂಲೆಮನೆ ನರ್ಸಮ್ಮ ಮೊನ್ನೆ ಏನಂದರು ಗೊತ್ತೆ? “ಮೊದ್ಲು ನೀರಿರ್ಲಿಲ್ಲ, ನೀನಿದ್ದೆ. ಈಗ ಎರಡೂ ಇಲ್ಲ.”

ಒಂದೇ ಒಂದು ಕೆಲಸ ಮಾಡು. ಮೇಡಂ ಹತ್ತಿರ ಹೋಗಿ, ಆ ಹೆಂಗಸು ಒಪ್ಪಿರಲಿಲ್ಲ, ನಾನು ತಪ್ಪು ಹೇಳಿದೆ ಅನ್ನು. ಒಂದು ಪದ ತಿದ್ದು. ಜೂನಿನ ಕರಾರಿಗಿಂತ ಮೊದಲು ತಿದ್ದು.

ಅಕ್ಕ


ಮಾರ್ಚ್ ೧೧

ಅಕ್ಕಾ,

ಆಗುವುದಿಲ್ಲ. ಮೇಡಂ ಬರೆದ ವರದಿ ಅವರ ದೇಶಕ್ಕೆ ಹೋಗಿಯಾಗಿದೆ. ಈಗ ಹೋಗಿ ತಪ್ಪು ಹೇಳಿದೆ ಅಂದರೆ ನಾನು ನಾಲ್ಕು ವರ್ಷದಲ್ಲಿ ಆಡಿದ ಮಾತೆಲ್ಲ ಅನುಮಾನವಾಗುತ್ತದೆ.

ಏಪ್ರಿಲ್ ಕೊನೆಗೆ ನಾವು ಮತ್ತೆ ಬರುತ್ತೇವೆ. ಎರಡನೇ ಕಂತಿನ ದುಡ್ಡು ಬಿಡುವ ಮೊದಲು ಇನ್ನೊಂದು ಸಭೆ ಆಗಬೇಕು. ನೀನು ದಯವಿಟ್ಟು ಆ ದಿನ ಬೇಕರಿಯಲ್ಲೇ ಇರು. ಕೈ ಮುಗಿದು ಕೇಳುತ್ತೇನೆ. ನಿನ್ನ ಮಾತನ್ನು ನಿನ್ನೆದುರೇ ತಿರುಗಿಸುವ ಶಕ್ತಿ ನನಗಿಲ್ಲ.

ತಮ್ಮ


ಏಪ್ರಿಲ್ ೨೯

ಗಿಣೀ,

ಮೊನ್ನೆ ಸಭೆ ಮುಗಿದ ಕೂಡಲೇ ನಿಮ್ಮ ಬಿಳೀ ಕಾರು ಧೂಳೆಬ್ಬಿಸಿಕೊಂಡು ಹೋಯಿತು. ನೀನು ಕಿಟಕಿಯ ಕಡೆ ತಿರುಗಲೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೇಕರಿಯಲ್ಲಿ ಕೂರಲಿಲ್ಲ ಅನ್ನುವುದನ್ನು ನೋಡಿದೆಯಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದೆ. ಬಾಯಿ ಬಿಡುವುದಿಲ್ಲ ಅಂತ ನಿನ್ನ ಭಾವನಿಗೆ ಮಾತು ಕೊಟ್ಟು ಬಂದಿದ್ದೆ, ಬಿಡಲೂ ಇಲ್ಲ. ಸದ್ಯಕ್ಕೆ ಸಾಹೇಬನೇ ಎದ್ದು, “ಎಲ್ಲರೂ ಒಟ್ಟಿಗೆ ಆಯ್ತು ಅಂದ್ಬಿಡಿ, ಫೋಟೋ ತೆಗೆಸಿಕೊಂಡು ಟೀ ಕುಡಿಯೋಣ” ಅಂದ. ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಟ್ಟ ಹಾಗೆ! ಆಗ ಮೂಲೆಮನೆ ನರ್ಸಮ್ಮ ಕೋಲೂರಿ ಎದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳನ್ನು ಗದರಿಸಿದ ಗಂಟಲು. “ಆಯ್ತು ಬಿಡೀ!” ಅಂದರು. ಹಿಂದಿನಿಂದ ಗ್ಯಾರೇಜಿನವನು, “ಆಯ್ತು ಬಿಡಿ!” ಅಂದ. ಆಮೇಲೆ ಹಾಲಿಗೆ ಹಾಲೇ ಅಂದಿತು. ಬೆಂಚು ಬಡಿದುಕೊಂಡು ಅಂದರು, ಬಾಗಿಲಲ್ಲಿ ನಿಂತವರೂ ಅಂದರು. ನಾನು ಹೇಳಿಕೊಟ್ಟದ್ದಲ್ಲ ಕಣೋ, ಅಮ್ಮನಾಣೆ. ನಾಲ್ಕು ತಿಂಗಳು ಆ ಬೋರ್ಡಿನ ಕೆಳಗೆ ಓಡಾಡಿ ಓಡಾಡಿ ಎಲ್ಲರಿಗೂ ಹೊಟ್ಟೆ ಉರಿದಿತ್ತು.

ಸದ್ಯಕ್ಕೆ ಸಾಹೇಬ ಮಾತ್ರ ಚಪ್ಪಾಳೆ ತಟ್ಟಿದ. ಮೇಡಂ ಪೆನ್ನು ಹಿಡಿದು ನಿನ್ನ ಕಡೆ ತಿರುಗಿದರು. ನೀನು ನನ್ನನ್ನು ನೋಡಿದೆ. ಆಮೇಲೆ ಏನೋ ಹೇಳಿದೆ, ಎರಡೇ ಮಾತು. ಅವರು ಮತ್ತೆ ಕೇಳಿದರು, ನೀನು ಮತ್ತೆ ಹೇಳಿದೆ, ಈ ಸಲ ಜೋರಾಗಿ. ಅವರ ಪೆನ್ನು ನಿಂತಿತು. ಮುಖ ಕೆಂಪಾಯಿತು. ಪುಸ್ತಕ ಮುಚ್ಚಿ ಎದ್ದು ಹೊರಟರು. ಟೀ ಹಾಗೇ ಆರಿಹೋಯಿತು.

ನನಗೆ ಅವರ ಭಾಷೆ ಬರುವುದಿಲ್ಲ. ಏನು ಹೇಳಿದೆ? ಹೋದ ಸಲದ್ದೇ ಹೇಳಿದ್ದರೆ ಉತ್ತರ ಬರೆಯಬೇಡ, ಇನ್ನು ಈ ಮನೆಗೆ ಕಾಗದವೇ ಬರುವುದು ಬೇಡ.

ಅಕ್ಕ


ಮೇ ೨೩

ಅಕ್ಕಾ,

ನೀವು ಆಡಿದ್ದನ್ನೇ ಹೇಳಿದೆ, ಒಂದು ಅಕ್ಷರ ಬಿಡದೆ. ಆಯ್ತು, ಅಂದರೆ ಮುಗಿಯಿತು. ಬಿಡಿ, ಅಂದರೆ ನಮ್ಮನ್ನು ಬಿಟ್ಟುಬಿಡಿ. “ಮುಗಿಯಿತು, ನಮ್ಮನ್ನು ಬಿಡಿ ಅನ್ನುತ್ತಿದ್ದಾರೆ” ಅಂದೆ. ಅವರು, “ಕಳೆದ ಸಲ ಆ ಹೆಂಗಸು ಹೇಳಿದ್ದೂ ಇದೇ ಮಾತಾ?” ಅಂತ ಕೇಳಿದರು. “ಇದೇ ಮಾತು, ಆ ಹೆಂಗಸು ನನ್ನ ಅಕ್ಕ” ಅಂದೆ. ಎರಡನೇ ಸಲ ಜೋರಾಗಿ ಹೇಳಿದೆ ಅಂತ ನೀನು ಬರೆದೆಯಲ್ಲ, ಅದು ಇದೇ.

ಕಾರಿನಲ್ಲಿ ನಾಲ್ಕು ಗಂಟೆ ಅವರು ಹಳೆಯ ವರದಿಯ ಪುಟ ತಿರುವುತ್ತಾ ಕೂತರು. ನಗರ ಸೇರುವಾಗ, “ನಿನ್ನ ಒಂದು ಸುಳ್ಳಿನ ಮೇಲೆ ನಾನು ಇಡೀ ವರದಿ ಕಟ್ಟಿದೆ” ಅಂದರು. ನನಗೂ ತಲೆ ಕೆಟ್ಟಿತ್ತು. “ಭಾಷೆ ಬರದಿದ್ದರೆ ಬೇಡ ಮೇಡಂ, ಮುಖ ಕಾಣಿಸುತ್ತಿತ್ತಲ್ಲ? ಫೋಟೋ ತೆಗೆದದ್ದು ನೀವೇ ಅಲ್ಲವೇ? ಅದು ಒಪ್ಪಿದವರ ಮುಖವೇ? ನಿಮಗೆ ಹೌದು ಬೇಕಿತ್ತು. ನಾನು ಕೊಟ್ಟೆ, ನೀವು ತಗೊಂಡಿರಿ” ಅಂದೆ. ಜೂನಿನವರೆಗೆ ಕಾಯಲಿಲ್ಲ ಅವರು. ಮಾರನೇ ದಿನವೇ ಮೇಜು ಖಾಲಿ ಮಾಡಿಸಿದರು. ಈಗ ಒಂದು ಟ್ಯುಟೋರಿಯಲ್‌ನಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ವ್ಯಾಕರಣ ಹೇಳಿಕೊಡುತ್ತಿದ್ದೇನೆ.

ನೀನು ಖುಷಿಯಾಗಿರಬೇಕು. ನನಗೆ ಮಾತ್ರ ನಿನ್ನ ಮೇಲೆ ಸಿಟ್ಟು ಬಂದಿದೆ ಅಕ್ಕಾ, ಹೇಳದೆ ಇರಲಾರೆ. ಬೇಕರಿಯಲ್ಲಿ ಇರು ಅಂತ ಕೈ ಮುಗಿದಿದ್ದೆ. ನೀನು ಮೂರನೇ ಸಾಲಿನಲ್ಲಿ ಕೂತು, ಅಮ್ಮ ನೋಡುತ್ತಿದ್ದ ಹಾಗೆ ನನ್ನನ್ನೇ ನೋಡಿದೆ. ಇನ್ನೂರು ಜನರ ಎದುರು ಅಡಗುವುದಕ್ಕೆ ಮಂಚ ಇರಲಿಲ್ಲ.

ತಮ್ಮ


ಜುಲೈ ೧೮

ಗಿಣೀ,

ಸಿಟ್ಟು ಮಾಡಿಕೋ, ನಿನಗೆ ಹಕ್ಕಿದೆ. ನಿನ್ನ ಕಾಗದವನ್ನು ನಿನ್ನ ಭಾವ ಎರಡು ಸಲ ಓದಿ, “ನಿಮ್ಮ ಗಿಣಿಗೆ ಕೊನೆಗೂ ಸ್ವಂತ ಮಾತು ಬಂತು” ಅಂದರು. ನಾನು ಒಳಗೆ ಹೋಗಿ ಅತ್ತೆ. ಸಾಕಾ?

ಖುಷಿಯ ಮಾತು ಎತ್ತಿದೆಯಲ್ಲ, ಇಲ್ಲಿನ ಕಥೆ ಕೇಳು. ಎರಡನೇ ಕಂತು ನಿಂತಿದೆ. ಪೈಪಿಗೆ ಅಂತ ಅಗೆದ ರಸ್ತೆ ಹಾಗೇ ಬಾಯಿ ತೆರೆದುಕೊಂಡಿದೆ. ಬೇಕರಿಯ ಮುಂದೆ ಹಳ್ಳ, ಹಳ್ಳದ ಮೇಲೆ ಹಲಗೆ, ಹಲಗೆ ದಾಟಿ ಬನ್ ಕೊಳ್ಳುವವರು ದಿನದಿನಕ್ಕೂ ಕಡಿಮೆ. “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, ಎಲ್ಲಾ ಇವಳಿಂದ” ಅನ್ನುತ್ತಾರೆ. ಅಂದು ಬೆಂಚು ಬಡಿದವರೇ ಅನ್ನುತ್ತಾರೆ! ಗ್ಯಾರೇಜಿನವನು ನನ್ನೆದುರೇ, “ನಿನ್ನ ಹಟಕ್ಕೆ ನಮ್ಮ ಮನೆ ನೀರು ಹೋಯ್ತು” ಅಂದ. ನೀನೂ ಕೂಗಿದೆಯಲ್ಲೋ ಅಂದರೆ, “ನಾನು ಚುನಾವಣೆ ಕೇಳಿದ್ದು, ನೀರು ಬೇಡ ಅಂದಿರ್ಲಿಲ್ಲ” ಅನ್ನುತ್ತಾನೆ. ನಾನೂ ಅದನ್ನೇ ಅಲ್ಲವೇ ಹೇಳಿದ್ದು? ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನು ದೊಡ್ಡ ಸುದ್ದಿ. ಚುನಾವಣೆಯ ದಿನಾಂಕ ಬಂದಿದೆ, ಸೆಪ್ಟೆಂಬರ್ ಕೊನೆಗೆ. ಯಾಕೆ ಬಂತು ಗೊತ್ತೆ? ನಿಮ್ಮ ಮೇಡಂ ತಮ್ಮ ದೇಶಕ್ಕೆ ಹೋಗಿ, ಆರಿಸಿ ಬಂದ ಪುರಸಭೆ ಇಲ್ಲದೆ ಇನ್ನು ದುಡ್ಡಿಲ್ಲ ಅಂತ ಬರೆಸಿದರಂತೆ. ಒಂದು ವರ್ಷ ನಾವು ಗಂಟಲು ಹರಿದುಕೊಂಡರೂ ಕೇಳದ ಸರ್ಕಾರ ಅವರ ಒಂದು ಸಾಲಿಗೆ ಗಡಗಡ ನಡುಗಿ ದಿನಾಂಕ ಕೊಟ್ಟಿತು! ಜನ ಸಿಹಿ ಹಂಚಿ ತಿನ್ನುವಷ್ಟು ಖುಷಿಯಲ್ಲಿದ್ದಾರೆ. ನನಗೆ ಅವಮಾನವಾಗಿದೆ. ನಮ್ಮ ವೋಟನ್ನೂ ಅವರೇ ದಾನ ಕೊಡಬೇಕಾಯಿತಲ್ಲೋ. ನಾಳೆ ಅವರ ಮನಸ್ಸು ಬದಲಾದರೆ? ಅವರಿಗೆ ಹೆದರಿ ಕೊಟ್ಟದ್ದನ್ನು ಅವರು ನೋಡದಿದ್ದಾಗ ಕಿತ್ತುಕೊಳ್ಳುವುದಿಲ್ಲವೇ?

ಆದರೂ ನಿಲ್ಲುತ್ತೇನೆ. ಯಾರು ಬಾಗಿಲು ತೆರೆದರೂ ಒಳಗೆ ನುಗ್ಗುವುದು ನುಗ್ಗಲೇಬೇಕು. ನನ್ನೆದುರು ಗ್ಯಾರೇಜಿನವನೇ ನಿಂತಿದ್ದಾನೆ. ನಿನ್ನ ಹೆಸರು ಇನ್ನೂ ನಮ್ಮ ವಾರ್ಡಿನಲ್ಲೇ ಇದೆ. ಟ್ಯುಟೋರಿಯಲ್‌ಗೆ ಒಂದು ದಿನ ರಜೆ ಹಾಕಿ ಬಾ. ಯಾರಿಗಾದರೂ ಹಾಕು, ಬಂದು ಹಾಕು.

ಹಲಗೆಯ ಆಚೆ ದಡದಿಂದ,
ಅಕ್ಕ


ಅಕ್ಟೋಬರ್ ೩

ಗಿಣೀ,

ನೀನು ಬೆರಳಿಗೆ ಶಾಯಿ ಹಾಕಿಸಿಕೊಂಡು ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ಯಾರಿಗೆ ಹಾಕಿದೆ ಅಂತ ನಾನು ಕೇಳುವುದಿಲ್ಲ. ನಿನ್ನ ಭಾವನನ್ನೂ ಕೇಳಿಲ್ಲ.

ಎಣಿಕೆ ಮೊನ್ನೆ ಅದೇ ಶಾಲೆಯ ಹಾಲಿನಲ್ಲಿ ಆಯಿತು. ನಾನು ಸೋತೆ. ಅಲ್ಪಸ್ವಲ್ಪ ಅಲ್ಲ, ಚೆನ್ನಾಗಿಯೇ ಸೋತೆ. ನಾನು ಯಾರ ಬಾಯಿಗೋಸ್ಕರ ಬಡಿದಾಡಿದೆನೋ ಅವರೇ ನನ್ನನ್ನು ಬೇಡ ಅಂದರು. ಮನೆಗೆ ಬಂದು ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಆವತ್ತಿನ ಬ್ರೆಡ್ಡು ಕಲ್ಲಾಗಿತ್ತಂತೆ. ಮೂಲೆಮನೆ ನರ್ಸಮ್ಮ ಬಂದು, “ನಾನು ನಿನಗೇ ಹಾಕಿದ್ದು” ಅಂದರು. ಈಗ ದಿನಕ್ಕೆ ಹತ್ತು ಜನ ಬಂದು ಹಾಗೇ ಹೇಳುತ್ತಾರೆ. ಅವರೆಲ್ಲ ನಿಜವಾಗಿ ಹಾಕಿದ್ದರೆ ನಾನು ಗೆದ್ದಿರುತ್ತಿದ್ದೆ.

ಆದರೆ ಒಂದು ಮಾತು ಕೇಳು. ಚೀಟಿ ಒಂದೊಂದಾಗಿ ಬಿಡಿಸುವಾಗ ನಾನು ಎದುರಿಗೇ ನಿಂತಿದ್ದೆ. ಬೇಡ ಅಂದವರ ಚೀಟಿ ಬೇಡ ಅನ್ನುವ ಕಡೆಗೇ ಹೋಯಿತು. ಯಾರ ಕಿವಿಯಲ್ಲಿಯೂ ಯಾರೂ ಬಗ್ಗಿ ಹೇಳಲಿಲ್ಲ.

ನಿನ್ನೆ ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಒಂದು ಖಾಲಿ ಕೊಡ ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ಹೊಸ ಸದಸ್ಯರು ಇನ್ನೂ ಶಟರ್ ಎತ್ತಿರಲಿಲ್ಲ. ಕೊಡದಿಂದಲೇ ಶಟರ್ ಬಡಿದೆ. ಒಳಗಿಂದ ಕಣ್ಣುಜ್ಜಿಕೊಳ್ಳುತ್ತಾ ಬಂದ.

“ಏನಕ್ಕಾ, ಇಷ್ಟು ಬೇಗ?”

“ವೋಟು ಕೇಳೋಕೆ ಬಾಯಿತ್ತಲ್ಲ, ಹಳ್ಳ ಯಾವಾಗ ಮುಚ್ತೀಯ? ನೀರು ಯಾವಾಗ ಬಿಡ್ತೀಯ?”

“ನೋಡೋಣ ಅಕ್ಕಾ...”

“ನೋಡೋಣ ಅಂದ್ರೆ ಏನು ಅಂತ ನನಗೆ ಗೊತ್ತು ಕಣೋ! ಅದನ್ನ ಹೋಗಿ ಮೇಡಂಗೆ ಹೇಳು. ನನಗೆ ತಾರೀಕು ಹೇಳು.”

ನನ್ನ ಸದ್ದಿಗೆ ಆಚೆ ಬೀದಿಯಿಂದ ಇನ್ನೂ ನಾಲ್ಕು ಕೊಡ ಬಂದವು. ಅವನು ಶಟರ್ ಎಳೆಯಲು ನೋಡಿದ. ನರ್ಸಮ್ಮ ಕೋಲು ಅಡ್ಡ ಇಟ್ಟರು. ಕೊನೆಗೆ ಅವನು ಅಂಗಿ ಹಾಕಿಕೊಂಡು ನಮ್ಮ ಜೊತೆಗೇ ಪುರಸಭೆಗೆ ಬಂದ. ದಾರಿಯುದ್ದಕ್ಕೂ ಬೈದೆ.

ಅಕ್ಕ